ಕಾರಣ: ಅಕ್ಕನ ಮದುವೆ

ರಜೆ ಅರ್ಜಿಯಲ್ಲಿ ಕಾರಣಕ್ಕೆ ಬಿಟ್ಟ ಜಾಗ
ಎರಡು ಬೆರಳಗಲ.
ಟ್ರಕ್ಕಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು
ಕೆಜಾಯಾ ಬಹಳ ಹೊತ್ತು ಪೆನ್ನು ಹಿಡಿದು ನಿಂತಿದ್ದಳು.
ಕೊನೆಗೆ ಬರೆದದ್ದು: ಅಕ್ಕನ ಮದುವೆ.
ಅವಳಿಗೆ ಅಕ್ಕ ಇಲ್ಲ.

ಸಾರ್ಜೆಂಟ್ ಹಾಲ್ವರ್ಸನ್ ಕೆಟ್ಟವನಲ್ಲ.
ತೊಂದರೆ ಅದೇ. ಕೆಟ್ಟವನಾಗಿದ್ದರೆ ಸಹಿ ಗೀಚಿ ಎಸೆಯುತ್ತಿದ್ದ.
ಇವನು ಕುರ್ಚಿ ಎಳೆದು ಕೂತು ಕೇಳಿದ:
ಹುಡುಗ ಯಾರು? ಯಾವೂರು?
ಫೋಟೋ ತರಬೇಕು ಮತ್ತೆ.

ಸೈನ್ಯಕ್ಕೆ ಅವಳದೆಲ್ಲ ಗೊತ್ತು:
ಬೂಟಿನ ಅಳತೆ, ದವಡೆ ಹಲ್ಲಿನೊಳಗಿನ ಸಿಮೆಂಟು,
ಎಡಗಿವಿ ಎಷ್ಟು ಸದ್ದು ಕಳಕೊಂಡಿದೆ,
ಎರಡು ಮೈಲಿಗೆ ಎಷ್ಟು ನಿಮಿಷ.
ರಕ್ತದ ಗುಂಪನ್ನು ತಗಡಿಗೆ ಕೊರೆದು
ಕೊರಳಿಗೆ ಕಟ್ಟಿದೆ. ತಾಳಿಯ ಹಾಗೆ, ಅಂದೆ ಒಮ್ಮೆ.
ತಾಳಿ ಅಂದರೇನು ಅಂತ ವಿವರಿಸುವಷ್ಟರಲ್ಲಿ
ಊಟದ ಹೊತ್ತು ಮುಗಿದಿತ್ತು.
ಆಸ್ಪತ್ರೆಯ ಡಾಕ್ಟರು, ಅವಳದೂ ನಮ್ಮದೇ ಸಮವಸ್ತ್ರ,
ಗೋಡೆಯ ಕ್ಯಾಲೆಂಡರಿಗೆ ಹೇಳಿದಳು:
ಇಲ್ಲಿ ಆಗದು. ಈ ರಾಜ್ಯದಲ್ಲೇ ಆಗದು.
ಎಷ್ಟು ವಾರ ಅಂತ ಮಾತ್ರ ಲೆಕ್ಕ ಹಾಕಿಕೊಟ್ಟಳು,
ಪಾಪ, ಪೆನ್ಸಿಲ್ಲಿನಲ್ಲಿ.

ಕಿಲೀನಿನಿಂದ ಲಾಸ್ ಕ್ರೂಸಸ್ಸಿಗೆ ಹತ್ತು ಗಂಟೆ ದಾರಿ.
ಕಾರು ನನ್ನದು, ಎಸಿ ಕೆಟ್ಟದ್ದು. ನಾನು ಮೆಕ್ಯಾನಿಕ್ಕು;
ಸರಕಾರದ ಗಾಡಿಗಳಿಗೆ ಮಲಗಿ ಮಲಗಿ
ನನ್ನ ಗಾಡಿಗೆ ಬೆನ್ನು ಬಗ್ಗುವುದಿಲ್ಲ.
ಬ್ರೇಡಿ ದಾಟುವಾಗ ಬೆಳಗಾಯಿತು.
ಅಲ್ಲಿಂದ ಮದುವೆ ಶುರು ಮಾಡಿದೆವು.

ಅಕ್ಕನಿಗೆ ಹೆಸರಿಟ್ಟೆವು, ವರ್ನೀಟಾ.
ಹುಡುಗನಿಗೆ ಕೆಲಸ ಕೊಡಿಸಿದೆವು, ಫ್ರಿಜ್ ರಿಪೇರಿ.
ಬೇಡ, ಹಲ್ಲಿನ ಡಾಕ್ಟರ್.
ಬೇಡ, ಅಷ್ಟು ಅದೃಷ್ಟ ನಮ್ಮ ಮನೆಗೆ ಎಲ್ಲಿಂದ, ಫ್ರಿಜ್ಜೇ ಇರಲಿ.
ಸ್ಯಾನ್ ಆಂಜೆಲೋದಲ್ಲಿ ಕೇಕಿಗೆ ನಿಂಬೆ ಹಿಂಡಿದೆವು.
ಫೋರ್ಟ್ ಸ್ಟಾಕ್ಟನ್ನಿನ ಪೆಟ್ರೋಲ್ ಬಂಕಿನಲ್ಲಿ
ಒಬ್ಬ ಚಿಕ್ಕಪ್ಪ ಕುಡಿದು, ಕುಣಿದು, ಬಿದ್ದ.
ಅವಳು ನಕ್ಕಳು. ನಗುತ್ತಲೇ ಬಾಗಿಲು ತೆಗೆದು
ಜಲ್ಲಿಕಲ್ಲಿನ ಮೇಲೆ ವಾಂತಿ ಮಾಡಿಕೊಂಡಳು.

ನಮ್ಮಜ್ಜಿ, ಹ್ಯೂಸ್ಟನ್ನಿನ ಮೂರನೇ ಮಹಡಿಯಲ್ಲೂ
ಗಾದೆಯಿಲ್ಲದೆ ಬಾಯಿ ಬಿಡದವಳು,
ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋಳು.
ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.
ಕೆಜಾಯಾ ಒಂದು ಮೈಲಿ ಸುಮ್ಮನಿದ್ದಳು. ಆಮೇಲೆ,
ನಾನು ಹೇಳಿದ್ದು ಒಂದೇ, ಅಂದಳು.
ಉಳಿದ ಒಂಬೈನೂರ ತೊಂಬತ್ತೊಂಬತ್ತು ಯಾರ ಲೆಕ್ಕಕ್ಕೆ?

ಎಲ್ ಪಾಸೊ ಹತ್ತಿರ ಗಡಿಯಾರ ಒಂದು ಗಂಟೆ ಹಿಂದೆ ಸರಿಯಿತು.
ಬಿಟ್ಟಿ ಸಿಕ್ಕ ಆ ಗಂಟೆಯನ್ನು ಏನು ಮಾಡುವುದೆಂದು ತಿಳಿಯದೆ
ಕ್ಲಿನಿಕ್ಕಿನ ಎದುರು ಕಾರಿನಲ್ಲೇ ಕೂತೆವು.
ನಾನು ಕಡಲೆಕಾಯಿ ತಿಂದೆ. ಅವಳು ಸಿಪ್ಪೆ ಎಣಿಸಿದಳು.

ಒಳಗಿನದು ನಾನು ಬರೆಯುವುದಿಲ್ಲ. ನಾನು ಹೊರಗಿದ್ದೆ.
ಬಂದವಳು ಹೇಳಿದ್ದು ಇಷ್ಟು:
ಹೆಸರು ಹಿಡಿದು ಕರೆದರು ಕಣೇ ಒಳಗೆ,
ಬರೀ ಹೆಸರು. ರ‍್ಯಾಂಕ್ ಇಲ್ಲದೆ.

ಮರುದಿನ ಸಿಯೆರಾ ಬ್ಲಾಂಕಾದ ತಪಾಸಣೆಯಲ್ಲಿ
ಗಡಿ ಪೊಲೀಸ್ ಕಿಟಕಿಗೆ ಬಗ್ಗಿದ,
ನನ್ನ ಮುಖವನ್ನು ಸ್ವಲ್ಪ ಜಾಸ್ತಿಯೇ ನೋಡಿದ.
ಎಲ್ಲಿಂದ?
ಮದುವೆಯಿಂದ, ಅಂದಳು ಅವಳು,
ಹೊಟ್ಟೆಗೆ ದಿಂಬು ಒತ್ತಿಕೊಂಡು,
ಎಷ್ಟು ಸಹಜವಾಗಿ ಅಂದರೆ
ನಿಂಬೆಯ ವಾಸನೆ ನನಗೂ ಬಂತು.

ಸೋಮವಾರ, ಇನ್ನೂ ಕತ್ತಲೆ, ಓಟದ ಸಾಲು.
ಹಾಲ್ವರ್ಸನ್ ಪಕ್ಕಕ್ಕೆ ಬಂದ. ಹೇಗಾಯ್ತು?
ಊಟ ಚೆನ್ನಾಗಿತ್ತು, ಸಾರ್ಜೆಂಟ್.
ಫೋಟೋ?
ಕ್ಯಾಮೆರಾ ಚಿಕ್ಕಪ್ಪನ ಕೈಲಿತ್ತು. ಅವನು ಬಿದ್ದ.

ಈಗಲೂ ಸಿಕ್ಕಾಗ ವಿಚಾರಿಸುತ್ತಾನೆ, ಮರೆಯುವ ಪೈಕಿಯಲ್ಲ.
ವರ್ನೀಟಾ ಹೇಗಿದ್ದಾಳೆ? ಅವನ ಅಂಗಡಿ ನಡೀತಿದೆಯಾ?
ಕಳೆದ ವಾರ ಟೈರುಗಳ ನಡುವೆ ನಿಂತು,
ಮಕ್ಕಳು? ಅಂದ.
ಸ್ಪ್ಯಾನರ್ ನನ್ನ ಕೈಯಲ್ಲೇ ನಿಂತಿತು.
ಕೆಜಾಯಾ ತಲೆ ಎತ್ತಲಿಲ್ಲ, ನಟ್ಟು ಬಿಗಿಯುತ್ತಲೇ ಹೇಳಿದಳು:
ಇನ್ನೂ ಇಲ್ಲ.
ಅವಳಿಗೆ ಬೇಕಾದಾಗ.