ತಿಂಗಳಿಗೆ ಆರು ಸೀಸೆ

ಮಾತ್ರೆ ನಿಲ್ಲಿಸಬೇಡಿ ಅಂದಿದ್ದೆ.
ಅದನ್ನು ಮೊದಲೇ ಹೇಳಿಬಿಡುತ್ತೇನೆ,
ಉಳಿದದ್ದು ಆಮೇಲೆ.

ಥುಂಗ್ ಸೋಂಗ್ ರೈಲು ನಿಲ್ದಾಣದ ಎದುರು
ನನ್ನ ಔಷಧಿ ಅಂಗಡಿ.
ಉರೈ ಬರುತ್ತಿದ್ದದ್ದು ಬೆಳಗ್ಗೆ ಎಂಟಕ್ಕೆ,
ರಾತ್ರಿಯೆಲ್ಲ ರಬ್ಬರ್ ಮರ ಕೊಯ್ದು,
ಹಣೆಗೆ ಕಟ್ಟಿದ ದೀಪ ಬಿಚ್ಚುವುದನ್ನೂ ಮರೆತು.
ಎಡ ದವಡೆಯಲ್ಲಿ ಸಿಡಿಲು, ಅನ್ನುತ್ತಿದ್ದಳು,
ಅನ್ನದ ಒಂದು ಅಗುಳು ತಾಗಿದರೂ ಸಿಡಿಲು.

ಆಸ್ಪತ್ರೆಯ ಚೀಟಿ ಸರಿಯಾಗಿತ್ತು.
ಮಾತ್ರೆ ಸರಿಯಾಗಿತ್ತು.
ಎಣಿಸಿ ಕೊಟ್ಟ ನನ್ನ ಬೆರಳೂ ತಪ್ಪಲಿಲ್ಲ.
ಕೊಡುವ ಮೊದಲು ರಕ್ತದಲ್ಲೊಂದು ಗುರುತು ನೋಡುವ
ಪರೀಕ್ಷೆ ಇದೆ; ಮಾಡಿಸಿದ್ದರೋ ಇಲ್ಲವೋ
ನಾನು ಕೇಳಲಿಲ್ಲ. ಹಿಂದೆ ಸಾಲಿತ್ತು,
ಮಗುವೊಂದು ಅಳುತ್ತಿತ್ತು.

ಹತ್ತೇ ದಿನಕ್ಕೆ ಸಿಡಿಲು ಅಡಗಿತು.
ಚೀಲದ ತುಂಬ ಸೀಬೆ ತಂದಿಟ್ಟು
ಗಟ್ಟಿ ಕಾಯೊಂದನ್ನು ಆರಿಸಿ
ನನ್ನೆದುರೇ ಕಚ್ಚಿ ತೋರಿಸಿದಳು,
ಕಟುಮ್ಮೆಂದು, ಎಡಗಡೆಯಿಂದ.

ಹದಿನಾರನೆಯ ದಿನ ಜ್ವರ.
ಕಣ್ಣು ಕೆಂಪು, ಗಂಟಲಲ್ಲಿ ಮುಳ್ಳು.
ಮಳೆ ಹಿಡಿದಿದೆ, ನೆಗಡಿ ಅಂದೆ,
ಪ್ಯಾರಸಿಟಮಾಲ್ ಕೊಟ್ಟೆ.
ಕಾಲರ್ ಸರಿಸಿ ಎರಡು ಕಲೆ ತೋರಿಸಿದಳು,
ಅಂಗಿ ಗುಂಡಿಯಷ್ಟು, ನಡುವೆ ಕಪ್ಪು.
ತೋಟದ ಸೊಳ್ಳೆ ಅಂದೆ.
ಆಗ ಹೇಳಿದ್ದು ಅದನ್ನು.

ನಾಲ್ಕು ದಿನ ಬಿಟ್ಟು ಮಗ ಸಾಯನ್ ಫೋನು ಮಾಡಿದ:
ಅಮ್ಮನ ತೋಳು ಹಿಡಿದು ಎಬ್ಬಿಸಿದೆ,
ನನ್ನ ಅಂಗೈಯಲ್ಲಿ ಚರ್ಮ ಉಳಿಯಿತು.
ಅಷ್ಟೇ ಅಂದ. ಇಟ್ಟುಬಿಟ್ಟ.

ಸುಟ್ಟವರ ವಾರ್ಡಿನಲ್ಲಿ ಮಲಗಿಸಿದ್ದರು.
ಇವಳ ಬೆಂಕಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ.
ಪಕ್ಕದ ಮಂಚದಲ್ಲಿ ಗ್ಯಾಸ್ ಸಿಡಿದ ಅಡುಗೆಯವ;
ಯಾವುದರಿಂದ, ಎಂದು ಕೇಳಿದ.
ಮಾತ್ರೆಯಿಂದ, ಅಂದ ಸಾಯನ್.
ಅಡುಗೆಯವ ಅತ್ತ ಮುಖ ತಿರುಗಿಸಿದ,
ತನ್ನನ್ನು ಆಡಿಕೊಂಡರು ಎಂಬಂತೆ.
ತುಟಿ ಎಲ್ಲಿ ಮುಗಿಯುತ್ತದೆ, ಬಾಯಿ ಎಲ್ಲಿ ಶುರು
ತಿಳಿಯುತ್ತಿರಲಿಲ್ಲ. ಹೊದಿಕೆಯ ಭಾರ ತಾಳದೆಂದು
ಹೊದಿಕೆಗೂ ಮೈಗೂ ನಡುವೆ ತಂತಿಯ ಕಮಾನು ನಿಲ್ಲಿಸಿದ್ದರು.
ಕೈ ಮುಗಿಯಲು ಹೋದೆ. ಅವಳಿಗೆ ಕಾಣಿಸಲಿಲ್ಲ.

ರಬ್ಬರ್ ಕೊಯ್ಯುವವರಿಗೆ ಗೊತ್ತು:
ತೊಗಟೆ ನೂಲಿನಷ್ಟೇ ಕೊಯ್ಯಬೇಕು,
ಒಳಮರಕ್ಕೆ ಕತ್ತಿ ತಾಗಬಾರದು.
ತಾಗಿದಲ್ಲಿ ಗಂಟು ಕಟ್ಟುತ್ತದೆ,
ಆ ಜಾಗದಲ್ಲಿ ಹಾಲು ಸರಿಯಾಗಿ ಇಳಿಯದು.
ಮೂವತ್ತು ವರ್ಷದಲ್ಲಿ ಅವಳ ಕತ್ತಿ
ತಾಗಿದ್ದು ಎರಡೇ ಮರಕ್ಕೆ. ಅವೆರಡನ್ನೂ
ದಾರಿಯಲ್ಲಿ ಮುಟ್ಟಿಯೇ ಹೋಗುತ್ತಿದ್ದಳಂತೆ.

ನಲವತ್ತೊಂದು ದಿನ.
ಚರ್ಮ ಬಂತು, ತೇಪೆ ತೇಪೆಯಾಗಿ.
ಉಗುರು ಬಂತು, ಹತ್ತರಲ್ಲಿ ಏಳು.
ದವಡೆಗೆ ಸಿಡಿಲೂ ತಿರುಗಿ ಬಂತು.
ಕಣ್ಣೀರು ಬರಲಿಲ್ಲ.

ಆಸ್ಪತ್ರೆಯವರು ಕೊಟ್ಟ ಕಾರ್ಡು ತೋರಿಸಿದಳು,
ಅವಳ ಹೆಸರಿನ ಕೆಳಗೇ ಆ ಮಾತ್ರೆಯ ಹೆಸರು.
ಗಂಡನ ಹೆಸರನ್ನೂ ಯಾರೂ
ಇಷ್ಟು ಹತ್ತಿರ ಬರೆದಿರಲಿಲ್ಲ, ಅಂದು ನಕ್ಕಳು.
ಆ ಗಂಡ ಹೋದ ಚಳಿಗಾಲ ತೀರಿಕೊಂಡ.
ದೇವಸ್ಥಾನದಲ್ಲಿ ಭಿಕ್ಷುಗಳು ಪಠಿಸುವಾಗ
ಕಪ್ಪು ಕನ್ನಡಕ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ
ಎರಡು ಕಣ್ಣಿಗೂ ಹನಿ ಬಿಟ್ಟುಕೊಂಡಳು.
ಕೆನ್ನೆಗೆ ಇಳಿದದ್ದನ್ನು ಒರೆಸಲಿಲ್ಲ.
ಹೆಂಗಸರು ಬಂದು ತಬ್ಬಿಕೊಂಡರು.
ಆ ಸೀಸೆ ನನ್ನ ಅಂಗಡಿಯದು.

ತಿಂಗಳಿಗೆ ಆರು.
ದುಡ್ಡು ಬೇಡ ಅಂದೆ ಒಮ್ಮೆ.
ನೋಟನ್ನು ಗಾಜಿನ ಮೇಲಿಟ್ಟು
ಉಗುರಿಲ್ಲದ ಬೆರಳಿನಿಂದ ಒತ್ತಿ ನಿಂತಳು,
ನಾನು ತೆಗೆದುಕೊಳ್ಳುವ ತನಕ.

ಈಗ ಜ್ವರ ಎಂದು ಬಂದವರ ಕಾಲರ್ ಸರಿಸಿ ನೋಡುತ್ತೇನೆ.
ಕೆಲವರು ಹಿಂದೆ ಸರಿಯುತ್ತಾರೆ.
ಎದುರಿನ ಅಂಗಡಿಗೆ ಹೋದವರೂ ಇದ್ದಾರೆ.

ಅವತ್ತು ಯಾಕೆ ಹಾಗಂದಿರಿ,
ಎಂದು ಕೇಳುತ್ತಾಳೆ ಅಂತ
ಎರಡು ವರ್ಷ ಕಾದಿದ್ದೇನೆ.
ನಿನ್ನೆ ಕೇಳಿದಳು:
ಇದನ್ನು ಫ್ರಿಜ್ಜಿನಲ್ಲಿ ಇಡಬೇಕಾ?

ಬೇಡ, ಅಂದೆ.
ಬಿಸಿಲು ತಾಗದಿದ್ದರೆ ಸಾಕು.