ನಾಕು ಸೊನ್ನಿ ಕಡಿಮಿ

ಗದಗಿನ ಟಾಂಗಾ ಕೂಟದ ಹಿಂದ, ಓಣಿಯೊಳಗ
ಚನ್ನವೀರಪ್ಪನವರ ಪ್ರೆಸ್ಸು.
ಮೊಳೆ ಜೋಡಸಾಂವ ನಾನೊಬ್ಬನ ಉಳದೀನಿ.
ಲಗ್ನದ ಹಂಗಾಮು. ನನ್ನ ಮನಸು ಮಾತ್ರ
ಲಗ್ನದಾಗಿಲ್ಲ.

ನಾಕು ವರ್ಷಕ್ಕೊಮ್ಮೆ ನಂದು ಹಿಂಗ.
ಯಜಮಾನ್ರು ಊಟಕ್ಕ ಹೋದಾಗ
ಲಗ್ನಪತ್ರ ಕತ್ತರಿಸಿ ಉಳದ ಗುಲಾಬಿ ಅಂಚಿನ ಮ್ಯಾಲ
ಮೂವತ್ತೆರಡು ದೇಶ ಹೊಡೀತೀನಿ, ಎದುರಿಗೆ ಪಾಯಿಂಟು.
ನಲವತ್ತು ಪ್ರತಿ. ಬೆಟಗೇರಿಗೆ ಅಂಬಾಸಾನ ಮಗ್ಗಕ್ಕ ಹತ್ತು,
ಚಹಾದ ಮಕ್ತುಮಸಾಬನ ಗೋಡಿಗೊಂದು,
ಉಳದದ್ದು ಕೇಳಿದಾವರಿಗೆ.

ದೇಶ ಜೋಡಸೂದು ಹೆಸರು ಹೇಳಿದಷ್ಟು ಸಲೀಸಲ್ಲ.
ಆಸ್ಟ್ರೇಲಿಯಾ ಅಂದ್ರ ಸಕಾರದ ಕಾಲಿಗೆ ಟ, ಅದರ ಕಾಲಿಗೆ ರ,
ಕಾರ್ನರ್ ಕಿಕ್ಕಿಗೆ ಒಬ್ಬರ ಮೈಮ್ಯಾಲ ಒಬ್ಬರು ಬಿದ್ದಂಗ.
ಉರುಗ್ವೆಯೋ ಉರುಗ್ವಾಯೋ?
ಒಂದೊಂದ ಸಲ ಒಂದೊಂದು ಥರ ಹೊಡದೀನಿ,
ಆ ದೇಶದಾವರು ಗದಗಿಗೆ ಬಂದು ಜಗಳಾ ತಗದಿಲ್ಲ.
ಹುಡುಗರು ಅರ್ಜೆಂಟೀನಾ ಅಂತ ನೀಲಿಪಟ್ಟಿ ಅಂಗಿ ಹಾಕ್ಕೊಂಡು ಕುಣೀತಾರ,
ಹೆಸರಿನಾಗೂ ಒಂದು ಸೊನ್ನಿ ತಿನ್ನೂ ದೇಶ ಅದು.

ಘಾನಾಕ್ಕ ಎರಡ ಅಕ್ಷರ. ಒತ್ತಿಲ್ಲ, ಸುತ್ತಿಲ್ಲ.
ಅದಕ್ಕ ನಾ ಘಾನಾ.

ಭಾರತಕ್ಕೂ ಒತ್ತಿಲ್ಲ. ಮೂರಕ್ಷರ, ಒಂದು ದೀರ್ಘ.
ಇಪ್ಪತ್ತೆಂಟು ವರ್ಷ ಆತು,
ಈ ಯಾದಿಯೊಳಗ ಒಮ್ಮೆರ ಜೋಡಿಸಿಲ್ಲ.
ಸುಮ್ನ ಹೇಳಿದೆ.

ಈ ಸಲದ ತೊಂದರಿ ಸೊನ್ನೀದು.
ಸುರುವಿಗೆ ಎಲ್ಲಾರೂ ಸೊನ್ನಿನ: ಐದು ಸಲ ಗೆದ್ದಾವರೂ ಸೊನ್ನಿ,
ಮೊದಲನೇ ಸಲ ಬಂದಾವರೂ ಸೊನ್ನಿ.
ನನಗ ಭಾಳ ಸೇರೂದು ಇದ ಎರಡು ದಿನ.
ಆದರ ಖಾನೆಯೊಳಗ ಇದ್ದದ್ದು ಒಂಬತ್ತು,
ಮೊಳೆ ಎರಕಾ ಹೊಯ್ಯೂ ಅಂಗಡಿ ಮುಚ್ಚಿ ಯಾವ ಕಾಲಾತು.
ಕನ್ನಡದ್ದೊಂದು ಪುಣ್ಯಾ ನೋಡ್ರಿ,
ಲೆಕ್ಕದ ಸೊನ್ನಿನೂ ಅದ, ಅಂ ಅಃದ ಸೊನ್ನಿನೂ ಅದ.
ಪಕ್ಕದ ಖಾನೆಗೆ ಕೈ ಹಾಕಿದೆ.

ಆಮ್ಯಾಲ ಬಂತು ಲಕ್ಕುಂಡಿಯ ಹಳೇ ಗಿರಾಕಿಯ ಪತ್ರ.
ಆಫ್‌ಸೆಟ್ ಒಲ್ಲೆ ಅಂದಾವರು,
ಅಕ್ಷರದ ಒತ್ತು ಹಾಳಿಯ ಬೆನ್ನಿಗೆ ಬೆರಳಿಟ್ಟರ ತಿಳೀಬೇಕಂತ.
ಪ್ರೂಫು ತಗದೆ:
ಚಿ. ಕು. ಸೌ. ಗಗಾಬಿಕಾ, ಲಕ್ಕುಡಿ.
ಯಜಮಾನ್ರು ಕನ್ನಡಕ ಏರಿಸಿದರು.
"ಯಾಕೋ, ಹುಡುಗಿ ಮೂಗು ಎಲ್ಲಿ ಇಟ್ಟಿ?"
"ನಾಕು ಸೊನ್ನಿ ಕಡಿಮಿ ಬಿದ್ದಾವ್ರಿ."
"ಯಾವಾಗ ಬರ್ತಾವ?"
"ಗುರುವಾರ ರಾತ್ರಿ ಹನ್ನೆರಡೂವರಿಗೆ ಮ್ಯಾಚ್ ಸುರು ಆಗತೈತ್ರಿ."

ಆ ರಾತ್ರಿ ಅಂಬಾಸಾ ಮಗ್ಗಾ ನಿಲ್ಲಿಸಿದ.
ನೂಲಿನ ಮೂಟಿ ಮ್ಯಾಲ ಕುಂತ್ವಿ ಹನ್ನೊಂದು ಮಂದಿ,
ತಣ್ಣಗಾದ ಮಿರ್ಚಿ, ಪುಡಿಕಿ ತುಂಬ ಚುರುಮುರಿ.
ಒಂದು-ಒಂದು, ಡ್ರಾ.
ಎಲ್ಲಾರೂ ಛೇ ಅಂದರು, ನಾನೊಬ್ಬನ ಚಪ್ಪಾಳಿ ಹೊಡದೆ.
ಎರಡು ಸೊನ್ನಿ ಬಿಡುಗಡಿ!
ಮುಂಜಾನೆ ಚಿಮಟಿಗಿಲೆ ಎತ್ತಿ
ಗಂಗಾಂಬಿಕಾನ ಹೆಸರಿಗೆ ಮುಟ್ಟಿಸಿದೆ.
ಶುಕ್ರವಾರ ಯಾರೋ ಗೆದ್ದರು, ಕುಂ ಆತು.
ಶನಿವಾರ ಇನ್ಯಾರೋ ನಾಕು ಗೋಲು ಬಾರಿಸಿದರು,
ಲಕ್ಕುಂಡಿ ಲಕ್ಕುಂಡಿ ಆತು.
ಆ ಗೋಲ್‌ಕೀಪರನ ಮಾರಿ ನೆನಸಿಕೋತ
ಇನ್ನೂರು ಪತ್ರ ಹೊಡದೆ.

ರವಿವಾರ ಘಾನಾ.
ಎಂಬತ್ತೆಂಟನೇ ನಿಮಿಷದ ತನಕಾ ಸರಿ ಇತ್ತು.
ಆಮ್ಯಾಲಿನದು ಹೇಳಂಗಿಲ್ಲ.
ಅಂಬಾಸಾ ಏನೂ ಅನಲಿಲ್ಲ, ಎದ್ದು ಮಗ್ಗಾ ಸುರು ಮಾಡಿದ.

ಸೋಮವಾರ ಯಾದಿ ತಿದ್ದುವಾಗ
ಘಾನಾದ ಮುಂದಿನ ಮೊಳೆ ಮುಟ್ಟಲಿಲ್ಲ. ಮುಟ್ಟೂ ಕಾರಣಾನೂ ಇರಲಿಲ್ಲ.
ಗುರುವಾರದ್ದ ಸೊನ್ನಿ ಅದು, ಅದ ಮಸಿ.
ಅವತ್ತು ಅದರ ಅರ್ಥ "ಇನ್ನೂ ಆಡಿಲ್ಲ" ಅಂತಿತ್ತು.
ಸುಳ್ಳ ಇನ್ನೊಂದು ಪ್ರತಿ ಹೊಡದು ನೋಡಿದೆ,
ಅಷ್ಟ ದುಂಡಗ ಬಂತು.

ಯಜಮಾನ್ರು ಮ್ಯಾಜಿನ ಮ್ಯಾಲ ಹೊಸಾ ಪತ್ರ ಇಟ್ಟಾರ.
ಗಂಡಿನಾವರದು ಮುಂಡರಗಿ. ಒಂದು ಸೊನ್ನಿ ಕಡಿಮಿ.
ಬ್ಯಾರೆ ಯಾರದರ ತಗೀಬಹುದು,
ನಿನ್ನೆ ಗೆದ್ದಾವರದು ಬಿಡುವೈತಿ.
ತಗೀವಲ್ಲೆ.
ಘಾನಾದ ಎರಡನೇ ಮ್ಯಾಚು ಶುಕ್ರವಾರ,
ಮುಂಡರಗಿಯಾವರು ಅಲ್ಲೀತನಕಾ ತಡೀಲಿ.