ಮೂರನೆಯವನು

ಯಂತ್ರ ಇರುವುದು ಬಾಗಿಲಾಚೆ. ಅಲ್ಲಿಗೆ ನಾನು ಹೋಗುವಂತಿಲ್ಲ.
ಹನ್ನೊಂದಕ್ಕೆ ಚನ್ನವೀರ ಗುಂಡಿ ಒತ್ತುತ್ತಾನೆ,
ಸಿಲಿಂಡರಿನ ಗಾಳಿಗೆ ಒಳಗೆಲ್ಲೋ ಒಂದು ಕಿಡಿ,
ಆಮೇಲೆ ಬಾಗಿಲ ಸಂದಿಯಿಂದ ಆ ವಾಸನೆ.
ಸಿಡಿಲು ಬಡಿದ ಹೊಲದ್ದು ಎನ್ನುತ್ತವೆ ಪುಸ್ತಕಗಳು;
ನನಗೆ ಪಿ.ಬಿ. ರಸ್ತೆಯ ಜೆರಾಕ್ಸ್ ಅಂಗಡಿಯದು.

ಓಜೋನ್ ಅಂದರೇನು ಎಂದವರಿಗೆ ಹೀಗೆ ಹೇಳುತ್ತೇನೆ:
ಬೈಕಿನಲ್ಲಿ ಇಬ್ಬರು ಕೂತರೆ ಉಸಿರಾಡುವ ಗಾಳಿ,
ಮೂವರು ಕೂತರೆ ಇದು.
ಮೂರನೆಯವನಿಗೆ ಸೀಟು ಸಾಲದು,
ಸರ್ಕಲ್ಲಿನಲ್ಲಿ ಪೊಲೀಸರನ್ನು ಕಂಡೊಡನೆ ಹಾರಿ
ಎದುರಿಗೆ ಸಿಕ್ಕವರನ್ನು ತಬ್ಬಿಕೊಳ್ಳುತ್ತಾನೆ.
ಕ್ರಿಮಿ ಸಿಕ್ಕರೆ ಕ್ರಿಮಿ ಸಾಯುತ್ತದೆ,
ಶ್ವಾಸಕೋಶ ಸಿಕ್ಕರೆ ಅದೂ ಬೇಯುತ್ತದೆ.
ಅದಕ್ಕೇ ಕಾಲಿಗೆ ಕಟ್ಟುವ ಚೀಲ ಅಷ್ಟು ಬಿಗಿ.

ಬುಡೇನ್‌ಸಾಬ್, ಐವತ್ತೆಂಟು. ಸಕ್ಕರೆ ಕಾಯಿಲೆ, ಹದಿನಾಲ್ಕು ವರ್ಷ.
ಮಂಡಕ್ಕಿ ಭಟ್ಟಿಯಲ್ಲಿ ಬಾಣಲೆ ಮುಂದಿನ ಕೆಲಸ.
ಕಾದ ಮರಳು ಪಾದದ ಮೇಲೆ ಚೆಲ್ಲಿದ್ದು ಗೊತ್ತೇ ಆಗಲಿಲ್ಲವಂತೆ.
"ವಾಸನೆ ಬಂತು ನೋಡ್ರಿ. ಯಾರ್ದೋ ಏನೋ ಸುಡ್ತೈತಿ ಅಂದ್ಕಂಡೆ."

ಒಪ್ಪಿಗೆ ಪತ್ರ ನಾಲ್ಕು ಪುಟ. ಓದಿ ಹೇಳಿದೆ:
ಅರ್ಧ ಜನಕ್ಕೆ ಓಜೋನ್, ಅರ್ಧ ಜನಕ್ಕೆ ಬರೀ ಆಮ್ಲಜನಕ,
ಯಾರಿಗೆ ಯಾವುದೆಂದು ನಿಮಗೂ ತಿಳಿಯದು, ನನಗೂ ತಿಳಿಯದು.
"ಮತ್ಯಾರಿಗೆ ಗೊತ್ತವ್ವಾ?"
ಬೀರುವಿನೊಳಗಿನ ಕವರಿಗೆ, ಎಂದೆ.
ಪೂರ್ತಿ ನಕ್ಕು ಹೆಬ್ಬೆಟ್ಟು ಒತ್ತಿದ.

ಹುಣ್ಣಿನ ಮೇಲೆ ಪಾರದರ್ಶಕ ಹಾಳೆ ಇಟ್ಟು
ಅಂಚು ಗೀರಿ, ಗ್ರಾಫಿನ ಚೌಕ ಎಣಿಸುವುದು ನನ್ನ ಪಾಲು.
ಮುನ್ನೂರ ಹನ್ನೆರಡು. ಇನ್ನೂರ ನಲವತ್ತು. ತೊಂಬತ್ತೇಳು.
ಬೇಸಿಗೆಯ ಕುಂದವಾಡ ಕೆರೆಯ ಹಾಗೆ
ದಡ ವಾರವಾರವೂ ಒಳಸರಿಯಿತು;
ಬತ್ತಿದ್ದಕ್ಕೆ ಹಿಗ್ಗಿದ್ದು ಜೀವನದಲ್ಲಿ ಅದೊಂದೇ ಸಲ.

ಹರಿಹರದ ಸಾವಂತ್ರಮ್ಮನ ಚೌಕಗಳು ಮಾತ್ರ ಕದಲಲಿಲ್ಲ.
ಹತ್ತನೇ ವಾರ ಎರಡು ಬೆರಳು ತೆಗೆದರು.
ಖಾಲಿ ಜಾಗವನ್ನು ಹೇಗೆ ಅಳೆಯುವುದೆಂದು
ಸೂಚನಾ ಪುಸ್ತಕದಲ್ಲಿರಲಿಲ್ಲ.

ಮಾರ್ಚಿಯಲ್ಲಿ ಡಾಕ್ಟರು ರೇವಣಸಿದ್ದಪ್ಪ ಕವರು ಒಡೆದರು.
ಸಾವಂತ್ರಮ್ಮ: ಓಜೋನ್.
ಬುಡೇನ್‌ಸಾಬ್: ಬರೀ ಆಮ್ಲಜನಕ.
ನಲವತ್ತೊಂದು ಜನರನ್ನು ಕೂಡಿ ಕಳೆದು
ಲೆಕ್ಕದ ಮೇಷ್ಟ್ರು ಕನ್ನಡಕ ತೆಗೆದರು:
"ಫಲ ಇದೆ ಅನ್ನೋಕಾಗಲ್ಲ. ಇಲ್ಲ ಅನ್ನೋಕೆ ಜನ ಸಾಲದು."
ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಹೊಸ ಬೋರ್ಡು:
ಸಕ್ಕರೆ, ಸಂಧಿವಾತ, ಕಾಮಾಲೆ, ಸರ್ವಕ್ಕೂ ಓಜೋನ್,
ಮೊದಲ ಹತ್ತು ಜನಕ್ಕೆ ರಿಯಾಯಿತಿ.
ಅವರಿಗೆ ಯಾರು ಕೊಟ್ಟರೋ, ನಮ್ಮ ಬೀರುವಿನಲ್ಲಿಲ್ಲದ ಕವರು.

ಬುಡೇನ್‌ಸಾಬ್ ಮೊನ್ನೆ ಬಂದ, ಕೈಯಲ್ಲಿ ಮಂಡಕ್ಕಿ ಚೀಲ.
"ನಿಮ್ಮ ಕರೆಂಟಿನ ಗಾಳಿ ಕಾಲು ಉಳಿಸ್ತವ್ವಾ."
ಹೇಳಲೇಬೇಕಿತ್ತು. ಹೇಳಿದೆ.
ಕಾಲನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ.
"ಹಂಗಾರೆ... ಮೂರು ತಿಂಗಳು ಭಟ್ಟಿ ಮುಂದೆ ನಿಲ್ಲಲಿಲ್ಲ ನಾನು.
ಬಂದ ದಿನಕ್ಕೆ ಇನ್ನೂರೈವತ್ತು ನೀವೇ ಕೊಟ್ರಿ.
ಸೊಸಿ ದಿನಾ ಕಾಲು ತೊಳೆದ್ಲು."

ಫಾರಂ ತೆಗೆದು ಹುಡುಕಿದೆ. ವಯಸ್ಸು, ತೂಕ, ರಕ್ತದ ಸಕ್ಕರೆ,
ಅನಿಲದ ಪ್ರಮಾಣ, ನಿಮಿಷ.
ನಿಲ್ಲದೇ ಇದ್ದದ್ದಕ್ಕೆ ಅಂಕಣವಿಲ್ಲ,
ಸೊಸೆಗೂ ಇಲ್ಲ.

ನಾಳೆಯಿಂದ ಕೆಲಸವಂತೆ.
ಬೂಟು ಹಾಕ್ಕೊಳ್ಳಿ, ಮರೀಬೇಡಿ, ಎಂದೆ.
"ಆ ನೆಲದಾಗೆ ರಬ್ಬರು ಕರಗ್ತೈತವ್ವಾ" ಎಂದು
ಮೆಟ್ಟಿಲಿಳಿದ, ಎರಡೂ ಕಾಲಲ್ಲಿ,
ಚೂರೂ ಕುಂಟದೆ.